ಹಲಗೆಯಲ್ಲಿ ಹಿಡಿಸದ್ದು

ಎರಡಡಿಗೆ ಮೂರಡಿ ತಗಡು. ಹಿನ್ನೆಲೆ ಬಿಳಿ, ಅಕ್ಷರ ಕೆಂಪು.
ಆಸ್ಪತ್ರೆಯ ಮೊದಲ ಮಹಡಿ, ಲಿಫ್ಟಿನ ಎಡಕ್ಕೆ:
ರಕ್ತರೋಗ ತಜ್ಞರು.
ತ-ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯದಂತೆ
ಮೊದಲೇ ಜಾಗ ಬಿಡಬೇಕು. ಜ್ಞ ಇನ್ನೂ ಮೋಸಗಾರ.
ಮೂವತ್ತೊಂದು ವರ್ಷವಾಯಿತು ದಾವಣಗೆರೆಯ ಬಾಗಿಲುಗಳ ಮೇಲೆ ಬರೆದು,
ಈಗಲೂ ಅದನ್ನು ಉಸಿರು ಕಟ್ಟಿಯೇ ತಿರುಗಿಸುವುದು.

ಚೀಟಿಯಲ್ಲಿ ಮೂರು ಹೆಸರು,
ಹೆಸರಿನ ಹಿಂದೆ ಗೂಡ್ಸ್ ಗಾಡಿಯ ಹಾಗೆ ಡಿಗ್ರಿ.
ಹಿಡಿಸೋದಿಲ್ಲ ಸ್ವಾಮಿ, ಅಂದೆ.
‘ಸಣ್ಣಗೆ ಬರಿಯಪಾ’ ಅಂದ ಗುಮಾಸ್ತ, ಎಲೆ ಅಡಿಕೆ ಜಗಿಯುತ್ತ.

ಡಾ. ಮೆಹರುನ್ನೀಸಾ.
ಎಲ್ಲೆಲ್ಲಿ ಓದಿದರೋ ಅದಕ್ಕೇ ಒಂದೂವರೆ ಸಾಲು;
ಭಟ್ಟಿಯ ಹೊಗೆ ಯಾವ ಸಾಲಿನಲ್ಲೂ ಇಲ್ಲ.
ಮಂಡಕ್ಕಿ ಓಣಿಗೆ ಬೋರ್ಡು ಬರೆಯಲು ಹೋದಾಗ ಕಂಡಿದ್ದೆ,
ಕಾದ ಮರಳಿನಲ್ಲಿ ಅಕ್ಕಿ ಅರಳುವ ಹೊತ್ತು
ಮೂಟೆಯ ಮೇಲೆ ಕೂತು ಸೇರು ಎಣಿಸುವ ಹುಡುಗಿ.
ಒಂದು ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದಳು,
ಆಮೇಲೆ ಎರಡು, ಮೂರು, ಅವರಪ್ಪನದೇ ರಾಗ.
ಈಗ ಪ್ಲೇಟ್‌ಲೆಟ್ ಎಣಿಸುತ್ತಾರೆ.
ಡೆಂಗಿಯ ತಿಂಗಳಲ್ಲಿ ಹನ್ನೆರಡೇ ಸಾವಿರ ಅಂದಾಗ
ಬಂದವರು ಗೋಡೆ ಹಿಡಿದುಕೊಳ್ಳುತ್ತಾರೆ.
ಇವರು, ‘ನಾಳೆ ಬೆಳಿಗ್ಗೆ ಮತ್ತೆ ಅಳೆಯೋಣ.’
ಅಳೆಯೋಣ. ಆ ಮಾತು ಯಾವ ಕಾಲೇಜಿನದೂ ಅಲ್ಲ.

ಡಾ. ಮಾರ್ಕಂಡೇಯ. ಮೊಳಕಾಲ್ಮೂರಿನವರು.
ಪರಿಣತಿ: ಹೆಪ್ಪುಗಟ್ಟದ ರಕ್ತ.
ಮೊಣಕಾಲು ಊದಿದ ಹುಡುಗನನ್ನು ಎತ್ತಿಕೊಂಡು ಬಂದಿದ್ದಳು
ಜಗಳೂರು ಕಡೆಯ ತಾಯಿ. ಏಣಿಯ ಮೇಲಿದ್ದೆ, ಕೇಳಿಸಿತು.
‘ಗಾಯದ ಬಾಯಿಗೆ ರಕ್ತ ತಾನೇ ಬಟ್ಟೆ ನೇಯುತ್ತೆ, ತಾಯಿ.
ಇವನಲ್ಲಿ ಒಂದು ಎಳೆ ಇಲ್ಲ. ಒಂದೇ ಎಳೆ.’
ತಮ್ಮ ಕರವಸ್ತ್ರದ ಅಂಚಿನಿಂದ ದಾರವೊಂದನ್ನು ಎಳೆದು ತೋರಿಸಿದರು.
ಅವಳು ದಾರ ನೋಡಲಿಲ್ಲ.
‘ನನ್ನ ಕಡೆಯಿಂದಲೇ ಬಂತಂತೆ ಇದು, ಹೌದಾ?’
ಡಾಕ್ಟರು ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ, ‘ಎಳೆ ತಪ್ಪಿದ ಸೀರೆಗೆ ಯಾರಾದರೂ
ಹಾಸನ್ನು ಬೈತಾರಾ?’ ಅಂದರು.
ಕುಂಚದಲ್ಲಿ ಬಣ್ಣ ಒಣಗಿತ್ತು.

ಮೂರನೆಯವರು ಡಾ. ಸುಶೀಲಾ ದೇವರಮನಿ.
ಇವರ ಬಗ್ಗೆ ನನಗೇನೂ ಗೊತ್ತಿರಲಿಲ್ಲ.
ಸು ಬರೆದೆ. ಶೀ ದೀರ್ಘ ಎಳೆಯುವಾಗ
ಮಣಿಕಟ್ಟು ಸತ್ತ ಕೋಳಿಯ ಕತ್ತಿನ ಹಾಗೆ ಜೋತುಬಿತ್ತು.
ಹೊಸ ಸುಣ್ಣದ ಗೋಡೆಯ ಮೇಲೆ ಮೊಳದುದ್ದ ಕೆಂಪು ಗೀರು.
ಎಷ್ಟೋ ತಿಂಗಳಿಂದ ಹೊಟ್ಟೆಯಲ್ಲಿ ಹಗ್ಗ ಹೊಸೆದಂತೆ ನೋವು;
ಉಪ್ಪು ಬಿಸಿನೀರು ಕುಡಿದು ನಡೆಸಿದ್ದೆ.

ಸೂಜಿ ಚುಚ್ಚಿದರು. ಮಾರನೆಯ ದಿನ ಕರೆದರು.
ಮುಖ ಎತ್ತಲಿಲ್ಲ ಆಕೆ, ಕಣ್ಣು ಕೊಳವೆಯಲ್ಲೇ.
‘ಬಣ್ಣದ ಕೆಲಸಾನಾ?’
ನಾನು ಕೈ ತೊಳೆದು, ಬಿಳಿ ಅಂಗಿ ಹಾಕಿ ಹೋಗಿದ್ದೆ.
‘ಕುಂಚದ ತುದಿ ತುಟಿಯಲ್ಲಿ ಚೂಪು ಮಾಡ್ತೀರಾ?’
ಅದನ್ನು ಕಲಿಸಿದ ಗುರು ತೀರಿಕೊಂಡು ಇಪ್ಪತ್ತು ವರ್ಷ;
ಅವರ ಕೈಯೂ ಕೊನೆಗೆ ಹೀಗೇ ಬಿದ್ದಿತ್ತು,
ದೃಷ್ಟಿ ಅಂದಿದ್ದರು ಮನೆಯವರು.

‘ಬನ್ನಿ, ನೋಡಿ’ ಅಂದರು.
ಒಂದು ಕಣ್ಣು ಮುಚ್ಚಿ ಬಗ್ಗಿದೆ.
ದುಂಡಗೆ, ತೆಳುವಾಗಿ, ನನ್ನ ರಕ್ತದ ಕಣಗಳು,
ಕೆಲವಕ್ಕೆ ಮೈತುಂಬ ನೀಲಿ ಚುಕ್ಕಿ,
ಯಾರೋ ತೀರ ಸಣ್ಣ ಕುಂಚದಲ್ಲಿ ಇಟ್ಟ ಹಾಗೆ.
ಸೀಸ, ಅಂದರು. ಹಳೆಯ ಹಳದಿಯಲ್ಲಿ, ಕುಂಕುಮಗೆಂಪಿನಲ್ಲಿ ಇತ್ತಂತೆ.
ಊರೆಲ್ಲ ಹೆಸರು ಬರೆದು ನಾನು ಬಂದೆ;
ಬಣ್ಣ ಒಳಗೆ ಕೂತು ನನ್ನದನ್ನು ಬರೆದಿತ್ತು.

ಔಷಧಿ ಇದೆ, ನಿಧಾನ, ಕೈ ಎತ್ತಬಹುದು, ಅಂದರು.
ಮಾತು ಕೇಳುತ್ತಿದ್ದಾಗಲೇ ಬೆರಳು ತುಟಿಯ ಬಳಿ ಹೋಗಿತ್ತು.
ಅವರು ನಕ್ಕರು. ಕಡತದಲ್ಲಿ ಏನೋ ಗೀಚಿದರು:
ಹೆಸರು, ವಯಸ್ಸು, ಬೋರ್ಡು ಬರೆಯುವವರು, ಮೂವತ್ತೊಂದು ವರ್ಷ.
ಒಂದೇ ಸಾಲು. ಹಿಡಿಸಿತು.
ಅಕ್ಷರ ಮಾತ್ರ, ದೇವರೇ, ಕಾಗೆ ಕಾಲು.